ಬೆನ್ನ ಹಿಂದಿನ ಕೈ

ಇಜೇರಿಯ ಮಧುಮತಿ ಟೆನಿಸ್‌ನಲ್ಲಿ ಅರ್ಧ ಆಟಗಾರ್ತಿ ಎಂದು ಜೇವರ್ಗಿಯ ಜನ ತೀರ್ಮಾನಿಸಿಬಿಟ್ಟಿದ್ದರು. ಒಂಟಿಯಾಗಿ ಒಂದು ಕಪ್ಪೂ ಗೆಲ್ಲಲಿಲ್ಲವಲ್ಲ! ದೇಶ ದೇಶ ತಿರುಗಿ, ವರ್ಷಗಟ್ಟಲೆ ಡಬಲ್ಸ್ ಆಡಿ ಹೊಟ್ಟೆ ಹೊರೆದವಳನ್ನು ಹಿಡಿದು, ಕಪ್ಪನ್ನು ಹೆಂಗೆ ಪಾಲು ಮಾಡಿಕೊಳ್ಳುತ್ತಿದ್ದಿರಿ ಎಂದು ಕೇಳುವ ಪುಣ್ಯಾತ್ಮರಿಗೇನು ಬರವೇ? ಅವಳು ನಕ್ಕುಬಿಡುತ್ತಿದ್ದಳು. ಈಗ ಅವಳದು ಹೆದ್ದಾರಿ ಬದಿಯಲ್ಲಿ ಪೈಪು, ಪಂಪುಗಳ ಅಂಗಡಿ.

ಕಪ್ಪು ಹಂಚಿಕೊಂಡವಳು ಆಳಂದ ಕಡೆಯ ಮಟಕಿಯ ಅನುರಾಧಾ. ತನ್ನ ಸರದಿಯಲ್ಲಿ ಅವಳು ಹಿಂದೆ ನಿಂತು ಸರ್ವ್ ಮಾಡುವವಳು. ಮಧುಮತಿ ಅವಳಿಗೆ ಬೆನ್ನು ಹಾಕಿ ನೆಟ್ಟಿನ ಬಳಿ ನಿಲ್ಲುವವಳು. ಪ್ರತಿ ಸರ್ವಿಗೂ ಮುನ್ನ ಮಧುಮತಿ ಬೆನ್ನ ಹಿಂದೆ ಕೈ ತೋರಿಸುತ್ತಿದ್ದಳು. ಮುಷ್ಟಿ ಎಂದರೆ ನಾನು ಇಲ್ಲೇ ಇರುತ್ತೇನೆ. ಬಿಚ್ಚಿದ ಅಂಗೈ ಎಂದರೆ ಆ ಬದಿಗೆ ಹಾರುತ್ತೇನೆ, ನಾನು ಬಿಟ್ಟ ಜಾಗವನ್ನು ನೀನು ಓಡಿ ಬಂದು ಕಾಯಿ. ಮುಂದಿದ್ದವಳು ತಿರುಗಿ ನೋಡುವಂತಿಲ್ಲ, ನಂಬಬೇಕು ಅಷ್ಟೇ.

ಪುಣೆಯ ಕೊನೆಯ ಪಂದ್ಯದಲ್ಲಿ ಮಧುಮತಿ ಅಂಗೈ ತೋರಿಸಿ ಹಾರಿದಳು. ಚೆಂಡು ಅವಳು ಬಿಟ್ಟ ಜಾಗಕ್ಕೇ ಬಂತು. ಅನುರಾಧಾ ಹೆಜ್ಜೆ ಎತ್ತಲಿಲ್ಲ; ನಿಂತಲ್ಲೇ ನಿಂತು ಚೆಂಡು ಹೋಗುವುದನ್ನು ನೋಡಿದಳು. ಅಷ್ಟರಲ್ಲಾಗಲೇ ಅವಳು ಬೇರೆ ಜೊತೆಗಾತಿಯನ್ನು ಗೊತ್ತುಮಾಡಿಕೊಂಡಿದ್ದಳು. ಅದು ಮಧುಮತಿಗೆ ತಿಳಿದದ್ದೂ ಕಂಡವರ ಬಾಯಿಂದ. ಅವಳಿಗೆ ಮತ್ತೆ ಜೋಡಿ ಕೂಡಿಬರಲಿಲ್ಲ, ಅಲ್ಲಿಗೆ ಆಟ ಮುಗಿಯಿತು.

ಆ ಅನುರಾಧಾ ಈಗ ಜೇವರ್ಗಿಯ ಹೊಸ ಟೆನಿಸ್ ಅಂಕಣದ ಉದ್ಘಾಟನೆಗೆ ಬಂದಿದ್ದಳು. ಮೈ ತುಂಬಿಕೊಂಡಿತ್ತು, ಮೊಣಕಾಲಿಗೆ ಪಟ್ಟಿ ಬಿಗಿದಿದ್ದಳು. ಬಂದವಳೇ ಮಧುಮತಿಯ ಅಂಗಡಿಯಲ್ಲಿ ಚಹಾ ಕುಡಿದು, ಕಲಬುರಗಿಯಲ್ಲಿ ಇಬ್ಬರ ಹೆಸರಲ್ಲೂ ತರಬೇತಿ ಕೇಂದ್ರ ತೆರೆಯೋಣ, ಸಂಜೆಯೊಳಗೆ ಹೂಂ ಅನ್ನು ಎಂದಳು. ಹಳೆಯದರ ಸೊಲ್ಲೇ ಎತ್ತಲಿಲ್ಲ, ಎಂಥ ಭಂಡತನ! ಮಧುಮತಿಗೆ ಸಿಟ್ಟು ಬಂತು. ಸಿಟ್ಟಿಗಿಂತ ಹೆಚ್ಚು ಆಸೆಯಾಯಿತು. ಪೈಪು ಅಳೆದು ಅಳೆದು ಅವಳ ಜೀವ ರೋಸಿಹೋಗಿತ್ತು. ಆಟದ ಹತ್ತಿರ ಮರಳಲು ಇದನ್ನು ಬಿಟ್ಟರೆ ಬೇರೆ ದಾರಿ ಇರಲಿಲ್ಲ.

ಸಂಜೆ ಇಬ್ಬರು ಕಾಲೇಜು ಹುಡುಗಿಯರ ಎದುರು ಹಳೆಯ ಜೋಡಿಯ ಪಂದ್ಯ ಇಟ್ಟಿದ್ದರು. ಮಧುಮತಿ ನೆಟ್ಟಿನ ಬಳಿ ನಿಂತಳು. ಕೈ ತಾನಾಗಿಯೇ ಬೆನ್ನ ಹಿಂದೆ ಹೋಯಿತು. ನೋಡಿಯೇಬಿಡೋಣ ಎಂದು ಅಂಗೈ ಬಿಚ್ಚಿದಳು.

ಸರ್ವ್ ಬಿತ್ತು, ಅವಳು ಹಾರಿದಳು, ಚೆಂಡು ಖಾಲಿ ಜಾಗಕ್ಕೆ ಬಂತು. ಮಧುಮತಿ ತಿರುಗಿ ನೋಡಿದಳು. ಅನುರಾಧಾ ಏದುಸಿರು ಬಿಡುತ್ತ ಓಡಿ ಬಂದಳು, ರ‍್ಯಾಕೆಟ್ ಚಾಚಿದಳು, ಮಣ್ಣಿನ ಮೇಲೆ ದೊಪ್ಪನೆ ಬಿದ್ದಳು. ಚೆಂಡು ಸಿಗಲಿಲ್ಲ. ಜನ ಗೊಳ್ಳೆಂದು ನಕ್ಕರು.

ಮಧುಮತಿ ಕೈ ಕೊಟ್ಟು ಎಬ್ಬಿಸಿದಳು, ಅವಳ ಮೈಮೇಲಿನ ಮಣ್ಣು ಕೊಡವಿದಳು.

"ಅವತ್ತ ಹಿಂಗ ಓಡಿ ಬಿದ್ದಿದ್ರ ಸಾಕಿತ್ತು ನೋಡ್ ಬೇ," ಎಂದಳು. "ಚೆಂಡ್ ಸಿಗಲಿಲ್ಲಂದ್ರೂ ನಡೀತಿತ್ತು."

"ತಪ್ಪಾಗ್ಯದ ಮಧು," ಎಂದಳು ಅನುರಾಧಾ. "ಈಗರ ಬರ್ತೀ ಇಲ್ಲ ಹೇಳ್."

ಮಧುಮತಿಗೆ ಅಳು ಬಂತು. ಸಿಟ್ಟು ಅಲ್ಲೇ ಕರಗಿಹೋಗಿತ್ತು. ಆದರೆ ಹಾರಿದವಳು ತಾನು ತಿರುಗಿ ನೋಡಿದ್ದೆನಲ್ಲ ಎಂಬುದು ಆಗ ಹೊಳೆಯಿತು. ಇನ್ನು ಪ್ರತಿ ಸಲವೂ ತಾನು ತಿರುಗಿ ನೋಡುವವಳೇ.

ನೆಟ್ಟಿಗೆ ಹೋಗಿ ನಿಂತಳು. ಕೈಯನ್ನು ಬೆನ್ನ ಹಿಂದೆ ತಂದು ಮುಷ್ಟಿ ಮಾಡಿದಳು: ನಾನು ಇಲ್ಲೇ ಇರುತ್ತೇನೆ. ಅನುರಾಧಾ ಆ ಮುಷ್ಟಿಯನ್ನು ತುಸು ಹೊತ್ತು ನೋಡಿದಳು. ಆಮೇಲೆ ಸರ್ವ್ ಮಾಡಿದಳು.