ಎಣ್ಣೆಗೆ ನೀರು ಹಾಕಿದವಳು

ಮಗಳು ಪಾತ್ರೆಯ ಮೇಲಿನ ಒದ್ದೆ ಬಟ್ಟೆಯನ್ನು ಎರಡು ಬೆರಳಲ್ಲಿ ಎತ್ತಿದವಳು, ಹಾಗೇ ಕೈಬಿಟ್ಟಳು. ಒಳಗೆ ಡೋನಟ್ಟಿನ ಹಿಟ್ಟು ಉಬ್ಬಿ ಅಂಚಿಗೆ ಬಂದಿತ್ತು. ಬೆಳಿಗ್ಗೆ ಅದನ್ನು ನಾದಿಟ್ಟ ಅಮ್ಮ ಕೈ ತೊಳೆದು ಕುರ್ಚಿಯಲ್ಲಿ ಕೂತವಳು ಮತ್ತೆ ಏಳಲಿಲ್ಲ. ಡಾಕ್ಟರು ಬಂದು ನೋಡಿ ಹೋಗಿಯೂ ಆಗಿತ್ತು. ನಾದಿದ ಕೈ ಮುಂದಿನ ಕೋಣೆಯಲ್ಲಿ ತಣ್ಣಗಿತ್ತು. ಹಿಟ್ಟು ಮಾತ್ರ ಬಟ್ಟೆಯ ಕೆಳಗೆ ಉಸಿರಾಡುವ ಹಾಗೆ ಮೇಲೇಳುತ್ತಲೇ ಇತ್ತು.

"ಏನಾಗಿದೆಯೇ ಅದು?" ಎಂದಳು ಬಾಗಿಲಲ್ಲಿದ್ದ ಚಿಕ್ಕಮ್ಮ. ಹೋದ ವಾರವಷ್ಟೇ ಕಣ್ಣಿನ ಆಪರೇಷನ್ ಆಗಿ ಅವಳು ಕಪ್ಪು ಕನ್ನಡಕ ಹಾಕಿದ್ದಳು.

"ಉಕ್ತಾ ಇದೆ ಚಿಕ್ಕಮ್ಮ."

"ಉಕ್ಕದೆ ಏನು ಮಾಡುತ್ತೆ? ಅದಕ್ಕೆ ಸುದ್ದಿ ಮುಟ್ಟಿಸಿದೋರು ಯಾರು?"

ಮುಂದಿನ ಕೋಣೆಯಲ್ಲಿ ಹತ್ತಿಪ್ಪತ್ತು ಜನ ಕೂತಿದ್ದರು. ಸ್ಮಶಾನಕ್ಕೆ ಒಯ್ಯುವ ಗಾಡಿ ಮೂರು ಗಂಟೆಗೆ ಬರುವುದಿತ್ತು. ಎದುರುಮನೆಯ ದರ್ಜಿ, ಬೀದಿಗೆಲ್ಲ ಡೋನಟ್ ಮಾರುತ್ತಿದ್ದ ಅಮ್ಮನ ಕೈಗುಣವನ್ನು ಹೇಳುತ್ತಿದ್ದ. ಸ್ಟೀಲ್ ಲೋಟದಿಂದ ಹಿಟ್ಟು ಕತ್ತರಿಸಿ, ಔಷಧಿ ಬಾಟಲಿಯ ಮುಚ್ಚಳದಿಂದ ನಡುವೆ ತೂತು ತೆಗೆಯುತ್ತಿದ್ದಳು. ತೂತಿನಿಂದ ಬಂದ ಪುಟ್ಟ ಉಂಡೆಗಳನ್ನೂ ಕರಿದು, ಎಲ್ಲ ಮಾರಿದ ಮೇಲೆ ಓಡಿ ಬಂದವರಿಗೆ ಪುಕ್ಕಟೆ ಕೊಡುತ್ತಿದ್ದಳು. ತಡವಾದವರ ಪಾಲು ಎಂದು ಅದಕ್ಕೆ ಹೆಸರು. ಅದರ ಆಸೆಗೆ ತಾನು ಬೇಕೆಂದೇ ತಡವಾಗಿ ಬರುತ್ತಿದ್ದೆ ಎಂದು ದರ್ಜಿ ಒಪ್ಪಿಕೊಂಡ.

ಮಾತು ಎಂದಿನಂತೆ ಅವಳ ಸುಟ್ಟ ಕಲೆಗೆ ಬಂತು. ಎಡಗಿವಿಯ ಕೆಳಗಿನಿಂದ ಹೆಗಲಿನವರೆಗೆ ಚರ್ಮ ಸುಕ್ಕಾಗಿ ಹೊಳೆಯುತ್ತಿತ್ತು. ಅಪ್ಪ ಆ ಕತೆಯನ್ನು ಇಪ್ಪತ್ತೆಂಟು ವರ್ಷದಿಂದ ಹೇಳಿದ ಹಾಗೆಯೇ ಹೇಳಿದರು. ಎಣ್ಣೆಗೆ ಬೆಂಕಿ ಹತ್ತಿದರೆ ಈ ಮಹಾತಾಯಿ ಒಂದು ಚೊಂಬು ನೀರು ಎರಚಿದಳು, ಬೀದಿಯ ನಾಯಿಗಿದ್ದಷ್ಟು ಬುದ್ಧಿಯೂ ಇವಳಿಗಿರಲಿಲ್ಲ ಎಂದರು. ಹೇಳುತ್ತಾ ಅವರ ಕಣ್ಣು ತುಂಬಿತು. ಕೂತವರು ಬಾಯಿಗೆ ಬಟ್ಟೆ ಒತ್ತಿಕೊಂಡು ನಕ್ಕರು.

ಅಡುಗೆಮನೆಯಲ್ಲಿದ್ದ ಮಗಳು ಬಟ್ಟೆಯನ್ನು ಪಾತ್ರೆಯ ಮೇಲೆ ಮತ್ತೆ ಎಳೆದು ಮುಚ್ಚಿದಳು. ನಿಜ ಗೊತ್ತಿದ್ದವರು ಇಬ್ಬರೇ. ಹೊರೆಯ ಒಂದು ತುದಿ ಹಿಡಿದಿದ್ದವಳು ಇವತ್ತು ಕೈಬಿಟ್ಟಿದ್ದಳು.

*

ಆಗ ಮಗಳಿಗೆ ಎಂಟು ವರ್ಷ. ಅಮ್ಮ ಬಾಣಲೆಯನ್ನು ಒಲೆಯ ಮೇಲಿಟ್ಟು ಹಿತ್ತಲಲ್ಲಿ ಬಟ್ಟೆ ಒಣಗಿಸಲು ಹೋಗಿದ್ದಳು. ಹೊಗೆ ಬಂತು, ಆಮೇಲೆ ಎಣ್ಣೆಯ ಮೇಲೆ ಉರಿ ತೆಳ್ಳಗೆ ಓಡಾಡತೊಡಗಿತು. ಬೆಂಕಿಯನ್ನು ನೀರು ಆರಿಸುತ್ತದೆ ಎಂದು ಶಾಲೆಯಲ್ಲಿ ಕಲಿಸಿದ್ದರು. ಹುಡುಗಿ ಚೊಂಬು ಎತ್ತಿದಳು. ಅಮ್ಮ ಓಡಿ ಬಂದು ಅವಳನ್ನು ಮೇಜಿನ ಕೆಳಕ್ಕೆ ತಳ್ಳುವಷ್ಟರಲ್ಲಿ ನೀರು ಬಿದ್ದಾಗಿತ್ತು. ಉರಿ ಛಾವಣಿಗೆ ಹಾರಿತು. ಹುಡುಗಿಯ ಮೇಲೆ ಒಂದು ಹನಿಯೂ ಬೀಳಲಿಲ್ಲ.

ಆಸ್ಪತ್ರೆಯಲ್ಲಿ ಕುತ್ತಿಗೆಗೆ ಪಟ್ಟಿ ಸುತ್ತಿಕೊಂಡು ಮಲಗಿದ್ದ ಅಮ್ಮ ಅವಳನ್ನು ಹತ್ತಿರ ಕರೆದಳು. "ನೀರು ಹಾಕಿದ್ದು ನಾನು. ಯಾರು ಕೇಳಿದ್ರೂ ಅಷ್ಟೇ. ನಿಮ್ಮಪ್ಪ ಕೇಳಿದ್ರೂ ಅಷ್ಟೇ."

"ಯಾಕಮ್ಮಾ?"

"ನಂಗೆ ದಡ್ಡಿ ಅನ್ನಿಸ್ಕೊಂಡು ಅಭ್ಯಾಸ ಇದೆ. ನಿಂಗಿಲ್ಲ."

ಅಂದಿನಿಂದ ಅಮ್ಮ ಎಣ್ಣೆ ಕಾಯಿಸುವಾಗೆಲ್ಲ ಹುಡುಗಿ ಬೀದಿಗೆ ಹೋಗಿ ನಿಲ್ಲುತ್ತಿದ್ದಳು. ಮದುವೆಯಾಗಿ ಹೋದ ಮನೆಯಲ್ಲೂ ಅವಳು ಏನನ್ನೂ ಕರಿದವಳಲ್ಲ. ತಮ್ಮ ಅಮ್ಮನಿಗೆ ಆರೋಗ್ಯದ ಹುಚ್ಚು ಎಂದು ಅವಳ ಮಕ್ಕಳು ತಿಳಿದಿದ್ದರು.

*

ಚಿಕ್ಕಮ್ಮ ಹಿಟ್ಟನ್ನು ಹೊರಗೆ ಹಾಕಿಬಿಡೋಣ ಎನ್ನುವಾಗ ಅಪ್ಪ ಒಳಗೆ ಬಂದರು. ಅವಳು ಹಿಟ್ಟು ಎಸೆದವಳಲ್ಲ, ಬಂದವರು ಒಂದೊಂದು ತಿಂದೇ ಹೋಗಲಿ ಎಂದರು. ಒಲೆಯ ಹತ್ತಿರ ಹೋಗಬಾರದು ಅಂತ ಕಣ್ಣಿನ ಡಾಕ್ಟರು ಹೇಳಿದ್ದಾರೆ ಎಂದು ಚಿಕ್ಕಮ್ಮ ಕನ್ನಡಕ ಮುಟ್ಟಿಕೊಂಡು ಹೊರಗೆ ಹೋದಳು.

"ನೀನೇ ಕರಿಯಮ್ಮ," ಎಂದರು ಅಪ್ಪ.

"ನನ್ನ ಕೈಲಾಗಲ್ಲಪ್ಪ."

"ಯಾಕೆ? ನಿಮ್ಮಮ್ಮನ ಹಾಗೆ ನೀನೂ ನೀರು ಹಾಕ್ತೀಯಾ?"

ಅವಳು ಬಾಣಲೆಯ ಕಡೆ ನೋಡಿದಳು. ಹೇಳಿದರೆ, ಇಷ್ಟು ವರ್ಷ ನಕ್ಕ ನಗುವೆಲ್ಲ ಹೆಂಡತಿಯ ಹೆಣದ ಮುಂದೆಯೇ ಈ ಮುದುಕನ ಮೇಲೆ ಬೀಳುತ್ತದೆ. ಹೇಳದಿದ್ದರೆ ಮೂರು ಗಂಟೆಗೆ ಅಮ್ಮ ದಡ್ಡಿಯಾಗಿಯೇ ಮನೆ ಬಿಡುತ್ತಾಳೆ.

"ಹಾಕಿದ್ದು ನಾನಪ್ಪ. ಅಮ್ಮ ಅಲ್ಲ."

ಮೇಜು, ಚೊಂಬು, ಆಸ್ಪತ್ರೆ, ಎಲ್ಲವನ್ನೂ ನೆಲ ನೋಡುತ್ತಾ ಹೇಳಿದಳು. ಅಪ್ಪ ಗೋಡೆಗೆ ಕೈ ಕೊಟ್ಟರು. ಹೊರಗೆ ದರ್ಜಿ, ಆಗಷ್ಟೇ ಬಂದವರಿಗೆ ಅದೇ ಕತೆಯನ್ನು ಹೇಳುತ್ತಿದ್ದ. ಚೊಂಬಿನ ಜಾಗಕ್ಕೆ ಬಂದಾಗ ನಗು ಎದ್ದಿತು. ಅದು ಪೂರ್ತಿ ಆರುವ ತನಕ ಅಪ್ಪ ಕೇಳಿಸಿಕೊಂಡರು. ಅವರದು ಬೀದಿ ಕೊನೆಗೂ ಮುಟ್ಟುವ ಗಂಟಲು. ಅದು ಈಗ ಏಳುತ್ತದೆ, ಈಗ ಏಳುತ್ತದೆ ಎಂದು ಮಗಳು ಮೈ ಬಿಗಿಹಿಡಿದು ನಿಂತಳು. ಏಳಲಿಲ್ಲ.

"ನಾನು ಹೇಳುವಾಗ ಅವಳೂ ನಗ್ತಿದ್ದಳಲ್ಲ," ಎಂದರು ಮೆಲ್ಲಗೆ.

"ನಗ್ತಿದ್ಲು."

"ಪ್ರತಿ ಸಲವೂ."

"ಹೂಂ."

ಅವರು ಬಾಣಲೆಯನ್ನು ಒಲೆಯ ಮೇಲಿಟ್ಟರು. "ಎಣ್ಣೆ ಎಷ್ಟು ಹಾಕ್ಬೇಕು?" ಎಂದು ಕೇಳಿದರು. ಆ ಮನೆಯಲ್ಲಿ ಒಮ್ಮೆಯೂ ಒಲೆ ಹಚ್ಚಿದವರಲ್ಲ. ಅರ್ಧಕ್ಕಿಂತ ಕಮ್ಮಿ ಎಂದಳು ಮಗಳು. ಅವರೇ ಸುರಿದರು, ಅವರೇ ಹಚ್ಚಿದರು. ಎಣ್ಣೆ ಕಾಯತೊಡಗಿತು. ಬೀದಿಗೆ ಓಡಲು ಅವಳ ಕಾಲು ತಾನಾಗಿಯೇ ಬಾಗಿಲ ಕಡೆ ತಿರುಗಿತ್ತು. ಆಗ ಅಪ್ಪ ಅಟ್ಟದಿಂದ ದೊಡ್ಡ ತಪ್ಪಲೆಯ ತಟ್ಟೆಮುಚ್ಚಳ ಇಳಿಸಿ, ಎರಡೂ ಕೈಯಲ್ಲಿ ಎದೆಗೆ ಅಡ್ಡ ಹಿಡಿದುಕೊಂಡು ಒಲೆಯ ಪಕ್ಕ ನಿಂತರು. ಅವಳು ಬಾಗಿಲಿಂದ ಹಿಂತಿರುಗಿ ಲೋಟದಿಂದ ಹಿಟ್ಟು ಕತ್ತರಿಸಿದಳು.

ಅವಳು ಮೊದಲನೆಯದನ್ನು ಬಿಟ್ಟಳು. ಎಣ್ಣೆ ಸೊರ್ರೆಂದಿತು. ಇಬ್ಬರೂ ಬೆಚ್ಚಿದರು. ಮುಚ್ಚಳ ಮುಂದಕ್ಕೆ ಬಂತು, ತಡೆಯಿತು, ಹಿಂದಕ್ಕೆ ಹೋಯಿತು. ಎರಡನೆಯದನ್ನು ಬಿಟ್ಟಳು.

ಗಾಡಿ ಬಂದಾಗ ಕೊನೆಯ ಸುತ್ತು ಬಾಣಲೆಯಿಂದ ಇಳಿದಿತ್ತು. ನಾಲ್ವರು ಅಮ್ಮನನ್ನು ಹೊತ್ತು ಒಳಗೆ ಮಲಗಿಸಿದರು. ಅಪ್ಪ ಹತ್ತಿ ಅವಳ ತಲೆಯ ಬಳಿ ಕೂತರು. ಅವರ ಕೈಯಲ್ಲಿ ಇನ್ನೂ ಆ ಮುಚ್ಚಳವಿರುವುದನ್ನು ದರ್ಜಿ ನೋಡಿ, ಇಸಿದುಕೊಳ್ಳಲೆಂದು ಕೈ ಚಾಚಿದ. ಅಪ್ಪ ಕೊಡಲಿಲ್ಲ. ಗಾಡಿ ತಿರುವಿನಲ್ಲಿ ಕುಲುಕಿದಾಗ, ಅವರು ಅದನ್ನು ಅಮ್ಮನ ಎಡಗಿವಿಯ ಪಕ್ಕಕ್ಕೆ ಅಡ್ಡ ಹಿಡಿದರು.