ಮೊದಲನೇ ಚೌಕಕ್ಕೆ ಬಿದ್ದ ಗುರುತು

ಸಂಜೆ ಆರಕ್ಕೆ ನಡೆಯುತ್ತಿದ್ದ ದೊಡ್ಡವರ ಓದು-ಬರಹದ ತರಗತಿ ಮುಚ್ಚಿ ವರ್ಷವಾಗಿತ್ತು. ಯಾಕೆ ಮುಚ್ಚಿತೆಂದು ಬೀದಿಯಲ್ಲಿ ಒಬ್ಬೊಬ್ಬರದು ಒಂದೊಂದು ಮಾತು. ನಿಜ ಗೊತ್ತಿದ್ದವಳು ಇಸ್ತ್ರಿ ಅಂಗಡಿಯ ಹುಡುಗಿ ಒಬ್ಬಳೇ. ಅವಳು ಬಾಯಿ ಬಿಟ್ಟಿರಲಿಲ್ಲ.

ಒಂದು ದಿನ ಆ ತರಗತಿಯ ಟೀಚರಮ್ಮ ಮತ್ತೆ ಅಂಗಡಿಗೆ ಬಂದರು. ಜೊತೆಗೆ ಕಾಲೇಜಿನಲ್ಲಿ ಸಂಶೋಧನೆ ಮಾಡುವ ಮೇಡಂ, ಕೈಯಲ್ಲಿ ಪ್ರಶ್ನೆಗಳ ಕಾಗದ.

"ಮತ್ತೆ ಕಾಗದ ತಂದ್ರಾ?" ಹುಡುಗಿಯ ದೊಡ್ಡಮ್ಮ ಸೊಂಟಕ್ಕೆ ಕೈಯಿಟ್ಟು ನಿಂತಳು. ಅವಳು ಆಸ್ಪತ್ರೆಯಲ್ಲಿ ನೆಲ ಒರೆಸುವವಳು. "ಹೋದ ಸಲ ಬಂದು ಅಭಿಪ್ರಾಯ ಕೇಳಿದ್ರಿ. ಆಮೇಲೆ ತರಗತೀನ ಬೆಳಿಗ್ಗೆ ಹತ್ತಕ್ಕೆ ಇಟ್ರಿ. ಆ ಹೊತ್ನಲ್ಲಿ ನಾನು ಬಕೆಟ್ ಹಿಡೀಲೋ, ಬಳಪ ಹಿಡೀಲೋ? ಯಾರೂ ಬರೋಕಾಗದೆ ಅದೂ ನಿಂತ್ಹೋಯ್ತು."

"ಬೆಳಿಗ್ಗೇನೇ ಬೇಕು ಅಂತ ನೀವೇ ಗುರುತು ಹಾಕಿದ್ರಲ್ಲಮ್ಮ! ಇಪ್ಪತ್ತೆರಡು ಜನಾನೂ," ಎಂದರು ಟೀಚರಮ್ಮ.

"ನಾನಾ? ನನಗೇನು ತಲೆ ಕೆಟ್ಟಿತ್ತಾ?"

ಹುಡುಗಿ ಇಸ್ತ್ರಿಪೆಟ್ಟಿಗೆಯನ್ನು ಪಕ್ಕಕ್ಕಿಟ್ಟಳು. "ಆ ಕಾಗದ ಯಾರೂ ಓದಲಿಲ್ಲ," ಅಂದಳು. "ದೊಡ್ಡಮ್ಮ ಓದೋ ಹಾಗೆ ತುಟಿ ಅಲ್ಲಾಡಿಸಿ, 'ಬೆಳಿಗ್ಗೆ' ಅಂತಿದ್ದ ಮೊದಲನೇ ಚೌಕಕ್ಕೆ ಗುರುತು ಹಾಕಿದ್ಳು. ಉಳಿದೋರು ಅವಳನ್ನ ನೋಡ್ಕೊಂಡು ಹಾಕಿದ್ರು. ಐದನೇ ಕ್ಲಾಸು ಓದಿದ ನಾನು ಪಕ್ಕದಲ್ಲೇ ಇದ್ದೆ. ಹೊರಗಿನವರ ಮುಂದೆ ಇವರೆಲ್ಲರ ಮಾನ ಹೋಗುತ್ತೆ ಅಂತ ಸುಮ್ಮನಾದೆ."

ದೊಡ್ಡಮ್ಮ ಬೆಂಚಿನ ಮೇಲೆ ಕುಕ್ಕರಿಸಿದಳು. ತರಗತಿ ನಿಂತಾಗ ಅವಳಿಗೆ ತನ್ನ ಅರ್ಧ ಹೆಸರು ಬರೆಯಲು ಬರುತ್ತಿತ್ತು. ಮೊನ್ನೆ ಆಸ್ಪತ್ರೆಯಲ್ಲಿ ವಾರ್ಡ್ ಸಹಾಯಕಿಯ ಕೆಲಸ ಖಾಲಿಯಾಯಿತು. ರೋಗಿಗಳ ಚೀಟಿ ಓದಬಲ್ಲವರು ಬೇಕಿತ್ತು. ಕೆಲಸ ಬೇರೊಬ್ಬಳಿಗೆ ಸಿಕ್ಕಿತು.

"ಅವತ್ತೇ ಹೇಳಿದ್ರೆ ನಾಚಿಕೆ ಒಂದು ಗಳಿಗೆ ಇರ್ತಿತ್ತು ಕಣೇ," ಎಂದಳು. "ಈಗ ವರ್ಷವೇ ಹೋಯ್ತು."

ಹುಡುಗಿ ಮಡಚಿಟ್ಟಿದ್ದ ಬಟ್ಟೆಯನ್ನೇ ಬಿಚ್ಚಿ ಮತ್ತೆ ಮಡಚಿದಳು.

"ತಪ್ಪು ನಮ್ಮದಮ್ಮ," ಎಂದರು ಮೇಡಂ. "ಓದು ಕಲಿಯೋಕೆ ಬಂದವರ ಕೈಗೇ ಓದೋ ಕಾಗದ ಕೊಟ್ವಿ. ಈ ಸಲ ಏನು ಕೇಳಬೇಕು ಅಂತ ನೀವೇ ಹೇಳಿ. ಜೊತೆಗೇ ಮನೆಮನೆಗೆ ಹೋಗೋಣ. ಬಂದ ಉತ್ತರಾನ ಮೊದಲು ಇಲ್ಲೇ ಎಲ್ಲರಿಗೂ ಓದಿ ಹೇಳ್ತೀವಿ. ನೀವು ಹೂಂ ಅಂದ ಮೇಲೇ ಮುಂದಿನ ಮಾತು."

ದೊಡ್ಡಮ್ಮ ಸೆರಗಿನಿಂದ ಮುಖ ಒರೆಸಿಕೊಂಡಳು. "ಹಾಗಾದ್ರೆ ಮೊದಲನೇ ಪ್ರಶ್ನೆ ನಂದು. ನಿಮಗೆ ಕೆಲಸ ಬಿಡೋದು ಎಷ್ಟು ಗಂಟೆಗೆ? ಬರ್ಕೊಳೇ ಹುಡುಗಿ. ಬರೆದಿದ್ದನ್ನ ಗಟ್ಟಿಯಾಗಿ ಓದು. ಮತ್ತೆ ಬಾಯಿಗೆ ಇಸ್ತ್ರಿ ಹಾಕ್ಕೊಂಡು ಕೂತ್ರೆ ನೋಡು!"

ಹುಡುಗಿ ಬರೆದಳು. ಗಟ್ಟಿಯಾಗಿ ಓದಿದಳು. ಮನೆಮನೆಯ ಉತ್ತರ ಕೇಳಿದ ಮೇಲೆ ತರಗತಿ ಮತ್ತೆ ಸಂಜೆ ಆರಕ್ಕೆ ಶುರುವಾಯಿತು. ವಾರ್ಡಿನ ಆ ಕೆಲಸ ಮಾತ್ರ ತಿರುಗಿ ಬರಲಿಲ್ಲ.

ಅಕ್ಕಂದಿರೇ, ಅಣ್ಣಂದಿರೇ, ನಿಮ್ಮ ಬೀದಿಗೂ ಹೀಗೆ ಕೇಳಲು ಯಾರಾದರೂ ಬಂದರೆ ಪ್ರಶ್ನೆ ಸಿದ್ಧಮಾಡುವಾಗಲೇ ಜೊತೆಯಲ್ಲಿ ಕೂರಿ. ಪಕ್ಕದವರನ್ನು ನೋಡಿ ಗುರುತು ಹಾಕಬೇಡಿ. ಓದಲು ಬಾರದಿದ್ದರೆ "ಓದಿ ಹೇಳಿ" ಎನ್ನಿ. ಓದು ಬಲ್ಲವರು ಪಕ್ಕದಲ್ಲಿದ್ದರೆ, ದಯವಿಟ್ಟು ಅವತ್ತೇ ಬಾಯಿ ಬಿಡಿ.