ಕೆಂಚಿ ಸತ್ತಳೋ ಇಲ್ಲವೋ

ಚನ್ನಪಟ್ಟಣದ ಅಸದುಲ್ಲಾ ಅವರ ಬೊಂಬೆ ಕಾರ್ಖಾನೆಯ ಹಿಂದಿನ ಕೋಣೆಯಲ್ಲಿ, ಒಂದು ಭಾನುವಾರ ಮಧ್ಯಾಹ್ನ ನಾಲ್ಕು ಗಂಟೆಯ ಹೊತ್ತಿಗೆ ಕೆಂಚಿ ಸತ್ತಳು.

ಕೆಂಚಿ ನಿಜವಾದ ಹೆಂಗಸಲ್ಲ. ಆಟದ ಪಾತ್ರ. ಆ ಪಾತ್ರವನ್ನು ಎರಡು ವರ್ಷದಿಂದ ಆಡುತ್ತಿದ್ದವರು ಹೊಂಗನೂರಿನ ಚೆಲುವಯ್ಯ, ಅರವತ್ತೊಂದು ವಯಸ್ಸಿನ ನಿವೃತ್ತ ಬಸ್ ಡ್ರೈವರ್. ಕೆಂಚಿಗೆ ಇಪ್ಪತ್ತು ವರ್ಷ, ಕೈಯಲ್ಲಿ ಬಿಲ್ಲು, ಬಾಯಿ ಸ್ವಲ್ಪ ಜೋರು. ಮೊಮ್ಮಗಳಿಗೆ ಬುಗುರಿ ಕೊಳ್ಳಲು ಬಂದ ಚೆಲುವಯ್ಯ ಒಳಗಿನ ಕೋಣೆಯಲ್ಲಿ ಯಾರೋ ನಗುವುದು ಕೇಳಿ ಇಣುಕಿ ನೋಡಿ, 'ನಾನೂ ಒಸಿ ಕೂತ್ಕಬೋದಾ?' ಎಂದು ಕೇಳಿದ್ದರು. ಅವತ್ತು ಕೂತವರು ಆಮೇಲೆ ಒಂದು ಭಾನುವಾರವೂ ತಪ್ಪಿಸಿರಲಿಲ್ಲ.

ಆಟ ನಡೆಸುವವಳು ಅಸದುಲ್ಲಾ ಅವರ ಮಗಳು ಅಸ್ರಾ. ಇಪ್ಪತ್ತೇಳು ವರ್ಷ, ಬೊಂಬೆಗಳಿಗೆ ಕಣ್ಣು ಮೂಗು ಬರೆಯುವ ಕೆಲಸ. ಮೈಸೂರಿನಲ್ಲಿ ಓದುವಾಗ ಹಾಸ್ಟೆಲಿನ ಗೆಳತಿಯರಿಂದ ಇದನ್ನು ಕಲಿತಿದ್ದಳು. ಒಬ್ಬರು ಕಥೆ ಹೇಳುತ್ತಾ ಹೋಗುತ್ತಾರೆ. ಕಾಡು, ಕೋಟೆ, ರಕ್ಕಸರು ಎಲ್ಲ ಅವರ ಕೈಯಲ್ಲಿ. ಉಳಿದವರು ಆ ಕಥೆಯೊಳಗೆ ಒಂದೊಂದು ಪಾತ್ರವಾಗಿ, ತಾವು ಏನು ಮಾಡುತ್ತೇವೆಂದು ಬಾಯಲ್ಲಿ ಹೇಳುತ್ತಾರೆ. ಅದು ಆಯಿತೋ ಇಲ್ಲವೋ ಎಂದು ತೀರ್ಮಾನಿಸುವುದು ಇಪ್ಪತ್ತು ಮುಖದ ದಾಳ. ಗೆಲ್ಲುತ್ತಾ ಹೋದ ಹಾಗೆ ಪಾತ್ರ ಒಂದೊಂದೇ ಮೆಟ್ಟಿಲು ಏರುತ್ತದೆ, ಬಲ ಹೆಚ್ಚುತ್ತದೆ. ಕೆಂಚಿ ಏಳನೇ ಮೆಟ್ಟಿಲಲ್ಲಿದ್ದಳು. ಅಷ್ಟು ಮೇಲೆ ಬೇರೆ ಯಾರೂ ಇರಲಿಲ್ಲ.

ಆ ಗುಂಪಿಗೆ ತನ್ನದೇ ಮೂರು ಕಟ್ಟಳೆಗಳಿದ್ದವು. ಅಸ್ರಾ ಅವನ್ನು ಹಳೆಯ ಕ್ಯಾಲೆಂಡರಿನ ಹಿಂದೆ ಬರೆದು ಗೋಡೆಗೆ ಅಂಟಿಸಿದ್ದಳು. ಏಟು ಬಿದ್ದು ಪಾತ್ರದ ಜೀವದ ಅಂಕ ಸೊನ್ನೆಗೆ ಇಳಿದರೆ ಮೂರು ಸಲ ದಾಳ ಹಾಕಬೇಕು, ಎರಡು ಸಲ ಹತ್ತಕ್ಕಿಂತ ಕಡಿಮೆ ಬಿದ್ದರೆ ಸಾವು. ಸತ್ತ ಪಾತ್ರ ಮತ್ತೆ ಎದ್ದು ಬರುವಂತಿಲ್ಲ. ಆಡಿದವರು ಹೊಸ ಪಾತ್ರ ಮಾಡಿಕೊಂಡು ಮೊದಲನೇ ಮೆಟ್ಟಿಲಿನಿಂದ ಶುರು ಮಾಡಬೇಕು.

ಅವತ್ತು ಗುಂಪು ಹೊಳೆಯ ಮೇಲಿನ ಒಂದು ಹಗ್ಗದ ಸೇತುವೆ ದಾಟುತ್ತಿತ್ತು. ಹಿಂದಿನಿಂದ ಆರು ಜನ ರಕ್ಕಸರು ಅಟ್ಟಿಸಿಕೊಂಡು ಬರುತ್ತಿದ್ದರು. ಚೆಲುವಯ್ಯ, 'ನೀವ್ ದಾಟ್ಕೊಳಿ. ಕೆಂಚಿ ಇಲ್ಲೇ ನಿಂತ್ಕತಾಳೆ,' ಎಂದರು. ಅವಳು ಬಾಣ ಬಿಡುತ್ತಾ ನಿಂತಳು. ಉಳಿದಿಬ್ಬರು ದಾಟಿದರು. ಮೂರನೆಯ ರಕ್ಕಸನ ಏಟಿಗೆ ಕೆಂಚಿಯ ಜೀವ ಸೊನ್ನೆಗೆ ಬಂತು. ಚೆಲುವಯ್ಯ ದಾಳ ಹಾಕಿದರು. ಹದಿಮೂರು. ಆಮೇಲೆ ನಾಲ್ಕು. ಆಮೇಲೆ ಮತ್ತೆ ನಾಲ್ಕು.

ಚೆಲುವಯ್ಯ ಕನ್ನಡಕ ತೆಗೆದು ಅಂಗಿಯ ತುದಿಯಿಂದ ಒರೆಸಿಕೊಂಡರು.

'ಹೋಯ್ತಲ್ಲಪ್ಪ,' ಎಂದರು ಕೊನೆಗೆ.

ಗುಂಪಿನ ಇನ್ನಿಬ್ಬರಲ್ಲಿ ಒಬ್ಬಳು ಭಾನುಪ್ರಿಯ, ರಾಮನಗರದಲ್ಲಿ ನರ್ಸು. ಇನ್ನೊಬ್ಬ ನಾಗರಾಜು, ರೇಷ್ಮೆ ಗೂಡಿನ ಮಾರುಕಟ್ಟೆಯಲ್ಲಿ ಕೆಲಸ ಮಾಡುವವನು. ಭಾನುಪ್ರಿಯಳಿಗೆ ಒಪ್ಪಿಗೆಯಾಗಲಿಲ್ಲ. 'ನಮ್ಮನ್ನ ದಾಟ್ಸಕ್ಕೆ ನಿಂತಿದ್ದು ಅವ್ಳು. ಅಂಥವಳನ್ನ ಸಾಯಿಸಿ, ಅಂಕಲ್‌ನ ಮೊದಲ್ನೇ ಮೆಟ್ಲಿಗೆ ತಳ್ಳೋದು ಯಾವ ನ್ಯಾಯ?' ಎಂದಳು.

'ದೀಪುಗೆ ಮಾಡ್ಲಿಲ್ವಾ?' ಎಂದ ನಾಗರಾಜು. 'ಅವ್ನು ಸಿಟ್ ಮಾಡ್ಕಂಡು ಆಟ ಬುಟ್ಟೇ ಹೋದ. ಅವತ್ತು ರೂಲ್ಸು ರೂಲ್ಸೇ ಅಂದ್ಬುಟ್ಟು ಇವತ್ತು ಬದಲಾಯಿಸಿದ್ರೆ ಅವ್ನ ಮುಖ ಹೆಂಗ್ ನೋಡದು?'

ದೀಪು ಈ ಮೂವರ ಜೊತೆ ಆಡುತ್ತಿದ್ದ ನಾಲ್ಕನೆಯವನು. ಎಂಟು ತಿಂಗಳ ಹಿಂದೆ ಅವನ ಪಾತ್ರವೂ ಹೀಗೇ ಸತ್ತಿತ್ತು. ಕಟ್ಟಳೆ ಸಡಿಲಿಸಿ ಎಂದು ಅವನು ಕೇಳಿರಲಿಲ್ಲ, ಯಾರೂ ಸಡಿಲಿಸಿಯೂ ಇರಲಿಲ್ಲ. ಮುಂದಿನ ವಾರದಿಂದ ಅವನು ಬರುವುದನ್ನು ನಿಲ್ಲಿಸಿದ.

ಭಾನುಪ್ರಿಯ ದಾಳವನ್ನೇ ನೋಡುತ್ತಿದ್ದಳು. 'ದೀಪುಗೂ ಕೊನೇಲಿ ನಾಕೇ ಅಲ್ವಾ ಬಿದ್ದಿದ್ದು?' ಎಂದಳು ನಿಧಾನಕ್ಕೆ.

ಹೌದು, ನಾಲ್ಕೇ ಎಂದು ಎಲ್ಲರಿಗೂ ನೆನಪಿತ್ತು.

ಆ ದಾಳವನ್ನು ಮಾಡಿದ್ದು ಅಸದುಲ್ಲಾ. ಬೊಂಬೆಗೆ ಬಳಸುವ ಆಲೆ ಮರದ ತುಂಡನ್ನು ಲೇತಿನ ಮೇಲೆ ಗುಂಡಗೆ ಕಡೆದು, ಇಪ್ಪತ್ತು ಮುಖಗಳನ್ನೂ ಕೈಯಿಂದಲೇ ಉಜ್ಜಿ, ಕೆಂಪು ಅರಗು ಹಾಕಿ, ಕಾದ ಸೂಜಿಯಿಂದ ಅಂಕಿ ಬರೆದಿದ್ದರು. ಭಾನುಪ್ರಿಯ ಒಂದು ಲೋಟದಲ್ಲಿ ನೀರು ತಂದು ಅದನ್ನು ಒಳಗೆ ಬಿಟ್ಟಳು. ದಾಳ ಹೊರಳಿ ತೇಲಿತು. ಮೇಲಕ್ಕೆ ನಾಲ್ಕು ಬಂತು. ಬೆರಳಿನಿಂದ ಅದುಮಿ ತಿರುಗಿಸಿ ಬಿಟ್ಟಳು. ಮತ್ತೆ ನಾಲ್ಕು. ಐದು ಸಲ ಮಾಡಿದಳು, ಐದು ಸಲವೂ ಅದೇ.

'ಅದರ ಕೆಳಗಡೆ ಭಾರ ಐತೆ,' ಎಂದ ನಾಗರಾಜು. ಅವನ ದನಿ ಇಳಿದಿತ್ತು.

ಮುಂದಿನ ಭಾನುವಾರ ತೀರ್ಮಾನಿಸೋಣ ಎಂದು ಅಸ್ರಾ ಎಲ್ಲರನ್ನೂ ಕಳಿಸಿದಳು. ಏನು ತೀರ್ಮಾನಿಸುವುದು ಎಂಬುದು ಅವಳಿಗೇ ಗೊತ್ತಿರಲಿಲ್ಲ. ದಾಳದಲ್ಲಿ ದೋಷವಿದ್ದರೆ ಕೆಂಚಿಯ ಸಾವು ಸುಳ್ಳು. ಹಾಗೆಂದರೆ ದೀಪುವಿನದೂ ಸುಳ್ಳು. ಆದರೆ ಕೆಂಚಿ ಏಳು ಮೆಟ್ಟಿಲು ಏರಿದ್ದೂ ಅದೇ ದಾಳದಿಂದ. ರಕ್ಕಸರ ಏಟು ತಪ್ಪಿದ್ದೂ ಅದರಿಂದಲೇ. ಎಲ್ಲವನ್ನೂ ಅಳಿಸಿದರೆ ಎರಡು ವರ್ಷದಲ್ಲಿ ಉಳಿಯುವುದು ಏನು?

ಮರುದಿನ ಬೆಳಗಿನ ನಮಾಜು ಮುಗಿದ ಮೇಲೆ, ಲೇತುಗಳು ಶುರುವಾಗುವ ಮುಂಚೆ, ಅವಳು ಒಬ್ಬಳೇ ಕೂತು ಇನ್ನೂರು ಸಲ ದಾಳ ಹಾಕಿ ಬರೆದುಕೊಂಡಳು. ನಾಲ್ಕು ಹದಿನೇಳು ಸಲ ಬಿತ್ತು. ದಾಳ ಸರಿಯಿದ್ದರೆ ಸುಮಾರು ಹತ್ತು ಸಲ ಬೀಳಬೇಕಿತ್ತು. ಸರಿ, ದೋಷ ಸಿಕ್ಕಿತು ಎಂದುಕೊಂಡಳು. ಮಂಗಳವಾರ ಮತ್ತೆ ಇನ್ನೂರು ಸಲ ಹಾಕಿದಳು. ಈ ಸಲ ನಾಲ್ಕು ಬಿದ್ದದ್ದು ಬರೀ ಒಂಬತ್ತು ಸಲ. ಎರಡು ಹಾಳೆಗಳನ್ನು ಪಕ್ಕಪಕ್ಕ ಇಟ್ಟುಕೊಂಡು ನೋಡಿದಳು. ಯಾವುದನ್ನು ನಂಬುವುದು?

ಚಹಾ ಹಿಡಿದು ಬಂದ ಅಸದುಲ್ಲಾ, 'ಏನು ಬೇಟಿ ಅದು?' ಎಂದರು. ಅವಳು ಮುಚ್ಚಿಡದೆ ಹೇಳಿದಳು. ಅವರು ದಾಳವನ್ನು ಅಂಗೈಯಲ್ಲಿ ಉರುಳಿಸಿ, ಕಿಟಕಿಯ ಬೆಳಕಿಗೆ ಹಿಡಿದು ನೋಡಿದರು.

'ಮರ ಅಂದ ಮೇಲೆ ಒಂದು ಕಡೆ ಗಟ್ಟಿ ಇರುತ್ತೆ, ಒಂದು ಕಡೆ ಹಗುರ. ನೀರಿನಲ್ಲಿ ಬಿಟ್ಟರೆ ಹಗುರ ಇರೋದು ಮೇಲೆ ಬರುತ್ತೆ. ಹಲಗೆ ಮೇಲೆ ಉರುಳುವಾಗ ಅಷ್ಟು ವ್ಯತ್ಯಾಸ ಆಗುತ್ತೋ ಇಲ್ಲವೋ ನನಗೂ ಗೊತ್ತಿಲ್ಲ,' ಎಂದರು.

'ಹಾಗಾದರೆ ನಾನೇನು ಮಾಡಲಿ ಅಬ್ಬಾ?'

'ಆಟ ಯಾರು ಆಡಿದರೋ ಅವರನ್ನ ಕೇಳು. ನನ್ನನ್ನ ಕೇಳಿದರೆ ಇನ್ನೊಂದು ದಾಳ ಮಾಡಿಕೊಡ್ತೀನಿ, ಅಷ್ಟೇ,' ಎಂದು ಅವರು ಚಹಾ ಮುಗಿಸಿ ಹೋದರು. ಬೇಸರ ಮಾಡಿಕೊಂಡರೋ ಇಲ್ಲವೋ ಅವಳಿಗೆ ತಿಳಿಯಲಿಲ್ಲ.

ಗುರುವಾರ ಅಸ್ರಾ ಬಸ್ಸು ಹತ್ತಿ ವಿರೂಪಾಕ್ಷಿಪುರಕ್ಕೆ ಹೋದಳು. ಅಲ್ಲಿ ದೀಪುವಿನದು ಒಂದು ಸಣ್ಣ ಸ್ಟುಡಿಯೋ, ಪಾಸ್‌ಪೋರ್ಟ್ ಫೋಟೋ, ಜೆರಾಕ್ಸು. ಅವಳನ್ನು ನೋಡಿ ಅವನು ಗಾಬರಿಯಾದ, ಆಮೇಲೆ ಸ್ಟೂಲು ಎಳೆದು ಹಾಕಿದ. ಅವಳು ದಾಳದ ಕಥೆಯನ್ನೆಲ್ಲ ಹೇಳಿದಳು. 'ನಿನ್ನ ಸಾವು ದಾಳದ ತಪ್ಪಿರಬೋದು ದೀಪು. ನಾವೆಲ್ಲ ನಿಂಗೆ ಅನ್ಯಾಯ ಮಾಡಿದ್ವಿ ಅನ್ಸುತ್ತೆ,' ಎಂದಳು.

ದೀಪು ಜೆರಾಕ್ಸ್ ಯಂತ್ರದ ಮುಚ್ಚಳ ತೆಗೆದು, ಹಾಕಿ, ಮತ್ತೆ ತೆಗೆದ.

'ಅವತ್ತು ನಾಕು ಬಿದ್ದಿರ್ಲಿಲ್ಲ ಅಸ್ರಾ.'

'ಏನು?'

'ದಾಳ ಹಲಗೆಯಿಂದ ಜಾರಿ ಲೇತಿನ ಕೆಳಗಡೆ ಹೋಯ್ತಲ್ಲ, ನಾನೇ ತಾನೆ ಬಗ್ಗಿ ಎತ್ತಿದ್ದು. ಹದ್ನಾರು ಬಿದ್ದಿತ್ತು. ನಾನು ನಾಕು ಅಂದ್ಬುಟ್ಟೆ.'

ಅಸ್ರಾ ಸ್ಟೂಲಿನಿಂದ ಅರ್ಧ ಎದ್ದಳು. 'ಬದುಕಿದ್ದೋನನ್ನ ನೀನೇ ಯಾಕೆ ಸಾಯಿಸ್ದೆ?'

'ಪ್ರತಿ ಭಾನುವಾರ ಬರದು ಡ್ಯೂಟಿ ಥರ ಆಗ್ಬುಟ್ಟಿತ್ತು. ಬರಕ್ಕಾಗಲ್ಲ ಅಂತ ಹೆಂಗ್ ಯೋಳದು? ಪಾತ್ರ ಸತ್ರೆ ಸುಲಭ ಅಂತ ಅನ್ಕಂಡೆ.' ಅವನು ರಸ್ತೆಯ ಕಡೆ ನೋಡಿದ. 'ಆಮೇಲೆ ನೀವೆಲ್ಲ ಸರಿ, ಮೊದಲ್ನೇ ಮೆಟ್ಲು ಅಂದ್ರಿ. ಒಬ್ರಾದ್ರೂ ಬ್ಯಾಡ ಕಣೋ ಅನ್ಬೋದು ಅಂತ ಕಾಯ್ತಿದ್ದೆ. ಯಾರೂ ಅನ್ಲಿಲ್ಲ. ಸಿಟ್ಟು ಬಂತು.'

'ಹೋಗಕ್ಕೆ ನಿಂಗೇ ಇಷ್ಟ ಇತ್ತು. ಮತ್ತೆ ಸಿಟ್ಟು ಯಾಕೆ?'

'ಅದೇ ನಂಗೂ ಗೊತ್ತಾಗ್ಲಿಲ್ಲ,' ಎಂದ ದೀಪು.

ಅಷ್ಟರಲ್ಲಿ ಒಬ್ಬರು ಆಧಾರ್ ಕಾರ್ಡಿನ ಜೆರಾಕ್ಸಿಗೆ ಬಂದರು. ಅವರು ಹೋದ ಮೇಲೆ ಅಸ್ರಾ, ಇದನ್ನು ಉಳಿದವರಿಗೆ ಹೇಳಬಹುದೇ ಎಂದು ಕೇಳಿದಳು. 'ಯೋಳು. ನಂಗೂ ಹಗುರ ಆಗ್ಬೋದು,' ಎಂದ. ವಾಪಸ್ ಬರುವ ಬಸ್ಸಿನಲ್ಲಿ ಅವಳಿಗೆ ಸೀಟು ಸಿಕ್ಕಿತು, ಆದರೂ ಚನ್ನಪಟ್ಟಣ ಬಂದದ್ದು ತಿಳಿಯದೆ ಒಂದು ಸ್ಟಾಪು ಮುಂದೆ ಹೋಗಿ ಇಳಿದಳು. ದೀಪುವಿಗೆ ಮಾಡಿದ್ದನ್ನೇ ಎಲ್ಲರಿಗೂ ಮಾಡಬೇಕು ಎಂಬ ಒಂದೇ ಮಾತಿನ ಮೇಲೆ ಕಟ್ಟಳೆ ನಿಂತಿತ್ತು. ದೀಪುವಿಗೆ ಯಾರೂ ಏನೂ ಮಾಡಿರಲೇ ಇಲ್ಲ. ಅಥವಾ ಏನೂ ಮಾಡದೆ ಸುಮ್ಮನಿದ್ದದ್ದೇ ಮಾಡಿದ್ದೋ?

ಭಾನುವಾರ ಮೂವರೂ ಬಂದರು. ಅಸದುಲ್ಲಾ ಹೊಸ ದಾಳವೊಂದನ್ನು ಹಲಗೆಯ ಮೇಲೆ ಇಟ್ಟು ಹೋಗಿದ್ದರು, ಹಸಿರು ಬಣ್ಣದ್ದು. ಅದನ್ನು ಯಾರೂ ಮುಟ್ಟಲಿಲ್ಲ. ಅಸ್ರಾ ಎರಡು ಹಾಳೆಗಳನ್ನೂ ತೋರಿಸಿದಳು, ದೀಪು ಹೇಳಿದ್ದನ್ನೂ ಹೇಳಿದಳು.

ನಾಗರಾಜು ತಲೆ ಕೆರೆದುಕೊಂಡ. 'ಲೇ, ಹಂಗಾದ್ರೆ ಯಾವ್ದು ಲೆಕ್ಕ, ಯಾವ್ದು ಲೆಕ್ಕ ಇಲ್ಲ? ನಂಗೊಂದೂ ತಿಳೀತಾ ಇಲ್ಲ.'

'ನಂಗೂ ತಿಳೀತಾ ಇಲ್ಲ,' ಎಂದಳು ಅಸ್ರಾ. 'ಅದಕ್ಕೆ ಒಂದು ಯೋಚ್ನೆ ಮಾಡಿದೀನಿ. ಜೀವ ಸೊನ್ನೆಗೆ ಬಂದು ದಾಳ ಸಾವು ಅಂದ್ರೆ, ಕೊನೇ ಮಾತು ಆಡೋರದ್ದು. ಸತ್ತಳು ಅಂದ್ರೆ ಸತ್ತಳು. ಬದುಕಿದಾಳೆ ಅಂದ್ರೆ ಏನಾದ್ರೂ ಕಳ್ಕೊಂಡು ಬದುಕ್ಬೇಕು. ಒಂದು ಕೈಯೋ, ಎರಡು ಮೆಟ್ಲೋ.'

'ಹಂಗಂದ್ರೆ ಇನ್ಮೇಲೆ ಯಾರೂ ಸಾಯಲ್ಲ, ನೋಡ್ತಿರು,' ಎಂದ ನಾಗರಾಜು.

ಭಾನುಪ್ರಿಯ ಚೆಲುವಯ್ಯನ ಕಡೆ ತಿರುಗಿದಳು. 'ಯೋಳಿ ಅಂಕಲ್. ಕೆಂಚಿ ಹೊಳೆಗೆ ಬಿದ್ಲು, ಕೆಳಗೆ ಎಲ್ಲೋ ದಡ ಸೇರಿದ್ಲು ಅನ್ನಿ. ಸಾಕು.'

ಚೆಲುವಯ್ಯ ಹಲಗೆಯ ಮೇಲಿದ್ದ ಕೆಂಪು ದಾಳವನ್ನು ನೋಡಿದರು. ವಾರವಿಡೀ ಇದನ್ನೇ ಯೋಚಿಸಿದ್ದರೆಂದು ಅವರ ಮುಖ ನೋಡಿದರೆ ಗೊತ್ತಾಗುತ್ತಿತ್ತು.

'ಸತ್ತವ್ಳೆ ಕಣವ್ವ,' ಎಂದರು.

'ದಾಳ ಸರಿ ಇಲ್ದೆ ಇರ್ಬೋದು ಅಂಕಲ್,' ಎಂದಳು ಅಸ್ರಾ.

'ಇರ್ಬೋದು. ಅವ್ಳಿಗೆ ಅದು ಗೊತ್ತಿತ್ತಾ? ಆರ್ ಜನ ಬತ್ತಾವ್ರೆ, ನಾನ್ ಒಬ್ಳು, ಉಳಿಯಾಕಿಲ್ಲ ಅಂತ ಗೊತ್ತಿದ್ದೇ ನಿಂತ್ಕಂಡ್ಲು. ನಾನು ಹಂಗೆ ಅನ್ಕಂಡೇ ಯೋಳ್ದೆ, ಕೆಂಚಿ ಇಲ್ಲೇ ನಿಂತ್ಕತಾಳೆ ಅಂತ. ಈಗ ಎದ್ ಬಂದ್ಬುಟ್ರೆ ಅವ್ಳು ನಿಂತಿದ್ದು ಸುಳ್ಳಾಗಾಕಿಲ್ವಾ?' ಅವರು ಕೆಂಪು ದಾಳವನ್ನು ಬೆರಳಿನಿಂದ ಸ್ವಲ್ಪ ದೂಡಿದರು. 'ನಂಗೂ ಬೇಜಾರೈತೆ. ಮನೇಲಿ ಯೋಳಿದ್ರೆ ನಗ್ತಾರೆ ಅಂತ ಯೋಳಿಲ್ಲ. ಊಟಕ್ಕೆ ಕೂತ್ರೂ ಸೇತುವೆನೇ ಕಣ್ಮುಂದೆ ಬತ್ತದೆ. ಆದ್ರೂ ಬುಡಿ.'

ಭಾನುಪ್ರಿಯಳ ಕಣ್ಣು ತೇವವಾಯಿತು. ಇಲ್ಲದ ಹೆಂಗಸಿಗೆ ತಾನು ಯಾಕೆ ಅಳುತ್ತಿದ್ದೇನೆಂದು ಅವಳಿಗೆ ನಾಚಿಕೆಯಾಯಿತು. ದಿನವೂ ವಾರ್ಡಿನಲ್ಲಿ ನಿಜವಾದ ಸಾವುಗಳನ್ನು ನೋಡುವವಳು ಅವಳು.

'ಹೊಸ ಪಾತ್ರ ಯಾವ ಮೆಟ್ಲಿಂದ ಮತ್ತೆ?' ಎಂದ ನಾಗರಾಜು. ಈಗ ಅವನೇ ಮೊದಲನೆಯದು ಬೇಡ ಎಂದ. 'ಒಂದೇ ಏಟಿಗೆ ಹೋಯ್ತದೆ ಆ ಜೀವ. ನಾವು ಅದನ್ನ ಕಾಯೋದೇ ಕೆಲ್ಸ ಆಯ್ತದೆ.' ಸ್ವಲ್ಪ ಚರ್ಚೆಯಾಗಿ, ಹೊಸ ಪಾತ್ರ ಯಾವತ್ತೂ ಗುಂಪಿನಲ್ಲಿ ಎಲ್ಲರಿಗಿಂತ ಕೆಳಗಿರುವವರ ಸಮಕ್ಕೆ ಬರಬೇಕು ಎಂದಾಯಿತು. ಡ್ಯೂಟಿಯಿಂದಾಗಿ ಆಗಾಗ ತಪ್ಪಿಸುತ್ತಿದ್ದ ಭಾನುಪ್ರಿಯ ಐದರಲ್ಲಿದ್ದಳು. ಹಾಗಾಗಿ ಐದು. ಚೆಲುವಯ್ಯ ಮೂರು ಸಾಕು ಎಂದು ಒಂದೆರಡು ಸಲ ಅಂದರು, ಆಮೇಲೆ ಒಪ್ಪಿದರು. ಈ ಸಲದ ಪಾತ್ರ ಒಬ್ಬ ಅಡುಗೆಯವ, ಹೆಸರು ಮರಿಸಿದ್ದ. ಹೊಳೆಯ ಆಚೆ ದಡದ ಛತ್ರದಲ್ಲಿ ಗುಂಪಿಗೆ ಸಿಗುತ್ತಾನೆ.

ಇಷ್ಟೆಲ್ಲ ಆದ ಮೇಲೂ ತಾನು ಮಾಡಿದ್ದು ಸರಿಯೋ ತಪ್ಪೋ ಅಸ್ರಾಗೆ ಸ್ಪಷ್ಟವಾಗಲಿಲ್ಲ. ಎರಡು ವರ್ಷದ ಗೆಲುವು ಸೋಲುಗಳನ್ನು ಹಾಗೇ ಬಿಟ್ಟಿದ್ದರು. ದಾಳ ಕೆಟ್ಟದ್ದೋ ಅಲ್ಲವೋ ಯಾರೂ ಹೇಳಲಿಲ್ಲ. ಮೂರು ಹಳೆಯ ಕಟ್ಟಳೆಗಳ ಮೇಲೆ ಗೆರೆ ಎಳೆದು ಕೆಳಗೆ ಹೊಸದನ್ನು ಬರೆಯುವಾಗ ಅವಳ ಕೈ ಎರಡು ಸಲ ನಿಂತಿತು.

ಅದರ ಮುಂದಿನ ಭಾನುವಾರ ದೀಪು ಬಂದ. ಯಾರೂ ಕರೆದಿರಲಿಲ್ಲ. ಬಾಗಿಲ ಬಳಿಯೇ ನಿಂತು, 'ಸುಮ್ನೆ ನೋಡಕ್ಕೆ ಬಂದೆ,' ಎಂದ.

'ಕೂತ್ಕೋ,' ಎಂದು ನಾಗರಾಜು ಜರುಗಿ ಜಾಗ ಮಾಡಿದ. 'ನಿನ್ನೋನು ಈಗ ಸತ್ತವ್ನೋ ಬದುಕವ್ನೋ? ಹದ್ನಾರು ಬಿದ್ದಿತ್ತಂತಲ್ಲ.'

'ನಂಗೇ ಗೊತ್ತಿಲ್ಲ ಕಣ್ಲಾ.'

ಆಟ ಶುರುವಾಯಿತು. ಗುಂಪು ಛತ್ರ ಬಿಟ್ಟು ಬೆಟ್ಟದ ದಾರಿ ಹಿಡಿದಿತ್ತು. ಮರಿಸಿದ್ದ ಹಿಂದೆ ಪಾತ್ರೆಗಳ ಮೂಟೆ ಹೊತ್ತು, ಕಾಲು ನೋವೆಂದು ಗೊಣಗುತ್ತಾ ಬರುತ್ತಿದ್ದ. ಒಂದು ಗಂಟೆ ಸುಮ್ಮನೆ ಕೂತಿದ್ದ ದೀಪು ಇದ್ದಕ್ಕಿದ್ದಂತೆ, 'ಮೇಲಿಂದ ಒಬ್ಬ ಇಳ್ದು ಬತ್ತಾವ್ನೆ ಅನ್ಕೊಳಿ,' ಎಂದ.

ಅಸ್ರಾ ತಲೆ ಎತ್ತಿದಳು. 'ಹೆಂಗಿದಾನೆ?'

'ಬೋ ದೂರದಿಂದ ನಡ್ಕಂಡ್ ಬಂದಂಗವ್ನೆ. ಹೆಸರು ಯೋಳ್ತಾ ಇಲ್ಲ.'

ನಾಗರಾಜು ಗದೆಗೆ ಕೈ ಹಾಕಿದೆ ಎಂದ. ಭಾನುಪ್ರಿಯ ತಡಿ ಎಂದಳು. ಚೆಲುವಯ್ಯ ಕನ್ನಡಕ ಸರಿ ಮಾಡಿಕೊಂಡು, ಮರಿಸಿದ್ದನ ದನಿಯಲ್ಲಿ, ಅವನು ಯಾರೆಂದು ಕೇಳದೆ ಹೇಳಿದರು:

'ಅನ್ನ ಒಸಿ ಮಿಕ್ಕದೆ ಕಣಪ್ಪ. ಮೊದ್ಲು ಉಣ್ಣು.'